ಹಳದಿ ಗುರುತು

ಪರದೆಯ ಮೇಲಿನ ವಿಮಾನ ಮತ್ತೆ ದಾರಿ ಬಿಟ್ಟು ಹುಲ್ಲಿಗಿಳಿಯಿತು.

"ಅಯ್ಯೋ ಅಪ್ಪ, ಜಾಯ್‌ಸ್ಟಿಕ್ ಬಗ್ಗಿಸೋದಲ್ಲ, ತಿರುಚಬೇಕು! ನೆಲದ ಮೇಲಿದ್ದಾಗ ಮುಂದಿನ ಚಕ್ರ ಹಾಗೇ ತಿರುಗೋದು," ಎಂದು ಮಗಳು ಕುರ್ಚಿಯ ಹಿಂದಿನಿಂದ ಕೈ ಚಾಚಿದಳು.

"ಗೊತ್ತಾಯ್ತು ಬಿಡೇ."

ಗೊತ್ತಾಗಿರಲಿಲ್ಲ. ಮೂರು ದಿನದಿಂದ ಇದೇ ಪಾಡು. ಮೊದಲ ದಿನ ಬ್ಯಾಟರಿ ಸ್ವಿಚ್ ಹಾಕದೆ, ಎಂಜಿನ್ ಶುರುವಾಗುತ್ತಿಲ್ಲವೆಂದು ಒಂದು ಗಂಟೆ ಕಂಪ್ಯೂಟರಿಗೆ ಬೈದಿದ್ದ. ಎರಡನೇ ದಿನ ಪಾರ್ಕಿಂಗ್ ಬ್ರೇಕ್ ತೆಗೆಯುವುದನ್ನು ಮರೆತು ನಿಂತಲ್ಲೇ ಮನೆಯೆಲ್ಲ ಗುಡುಗಿಸಿದ್ದ. ಹೇಳಿಕೊಳ್ಳುವುದಕ್ಕೆ ಮಾತ್ರ ಇಪ್ಪತ್ತು ವರ್ಷ ವಿಮಾನಗಳ ಜೊತೆ ಕೆಲಸ! ಅವುಗಳ ಎದುರು ನಿಂತು ಎರಡು ಕೋಲು ಬೀಸಿ, ಬಾ, ಎಡಕ್ಕೆ, ಸಾಕು, ನಿಲ್ಲು ಎಂದು ಸನ್ನೆ ಮಾಡುವ ಕೆಲಸ. ವಿಮಾನವೆಂದರೆ ಅವನಿಗೆ ಎದುರಿನಿಂದ ಬರುವ ಮೂಗು, ಅಷ್ಟೇ. ಒಳಗೆ ಕೂತವನಿಗೆ ಏನು ಕಾಣುತ್ತದೆ ಎಂದು ಒಮ್ಮೆಯೂ ನೋಡಿದವನಲ್ಲ.

"ಎಲ್ಲರೂ ಈ ಆಟ ಹಾಕಿಸ್ಕೊಳ್ಳೋದು ಹಾರೋಕೆ. ನೀನೊಬ್ಬ ನಿಲ್ಲಿಸೋಕೆ ಕಲೀತಿದ್ದೀಯ ನೋಡು," ಎಂದು ಮಗಳು ನಕ್ಕಳು.

"ಹಾರೋದು ಯಾರಿಗೆ ಬೇಕು? ನನಗೆ ಆ ಕೊನೇ ನೂರಡಿ ಸಾಕು."

ಮಗಳ ನಗು ನಿಂತಿತು.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ, ಬಂದು ನಿಲ್ಲಬೇಕಿದ್ದ ವಿಮಾನವೊಂದರ ರೆಕ್ಕೆ ಏಣಿಗಾಡಿಗೆ ಬಡಿಯಿತು. ವಿಮಾನ ನಿಲ್ಲುವವರೆಗೆ ದಾಟಬಾರದ ಕೆಂಪು ಗೆರೆಯನ್ನು ಗಾಡಿ ದಾಟಿ ಅವಸರದಲ್ಲಿ ಒಳಗೆ ಬಂದಿತ್ತು. ಅದನ್ನು ಓಡಿಸುತ್ತಿದ್ದವನು ಇವನ ಹೆಂಡತಿಯ ಒಬ್ಬನೇ ತಮ್ಮ. ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ವಿಚಾರಣೆಯಲ್ಲಿ ಪೈಲಟ್, "ನನಗೆ ನಿಲ್ಲುವ ಸನ್ನೆ ಕಾಣಲೇ ಇಲ್ಲ" ಎಂದ. ಇವನು, "ನಾವು ನಿಲ್ಲಬೇಕಾದ ಹಳದಿ ಗುರುತಿನ ಮೇಲೇ ನಿಂತಿದ್ದೆ, ಎರಡೂ ಕೋಲು ತಲೆ ಮೇಲೆ ಅಡ್ಡ ಹಿಡಿದಿದ್ದೆ" ಎಂದ. ಸನ್ನೆ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲವೆಂದು ಬರೆದು, ಇವನನ್ನು ಸಾಮಾನಿನ ಗೋದಾಮಿಗೆ ಹಾಕಿದರು. ನಿವೃತ್ತಿಯಾಗುವವರೆಗೂ ಅಲ್ಲೇ ಕೊಳೆತ.

ಗೋದಾಮು ಏನೂ ಅಲ್ಲ. ತಮ್ಮನ ಹೆಣ ಮನೆಗೆ ಬಂದ ದಿನ ಹೆಂಡತಿ ಕೇಳಿದ್ದಳು: "ಒಂದು ಕೈ ಎತ್ತೋಕೆ ನಿಮಗೇನು ದಾಡಿ ಬಂದಿತ್ತು?" ಅವನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಆಮೇಲಿನದೆಲ್ಲ ಮಗಳ ಮುಖಾಂತರ. "ನಿಮ್ಮಪ್ಪನಿಗೆ ಹೇಳು, ಊಟ ಆರ್ತಿದೆ." "ನಿಮ್ಮಪ್ಪನ್ನ ಕೇಳು, ಮಾತ್ರೆ ತಗೊಂಡ್ರಾ ಅಂತ." ಚಹಾದ ಲೋಟವನ್ನು ಸ್ಟೂಲಿನ ಮೇಲೆ ಕುಕ್ಕಿ ಹೋಗುತ್ತಿದ್ದಳು, ಅವನ ಕೈಗೆ ಕೊಟ್ಟವಳಲ್ಲ.

ಪೈಲಟ್ ಕೂರುವ ಜಾಗದಲ್ಲಿ ಅವಳನ್ನು ಒಂದು ಸಲ ಕೂರಿಸಿ, ಸನ್ನೆ ಎಷ್ಟು ಚೆನ್ನಾಗಿ ಕಾಣುತ್ತದೆಂದು ತೋರಿಸಬೇಕು. ಅವನಿಗೆ ಬೇಕಿದ್ದದ್ದು ಇಷ್ಟೇ.

ನಾಲ್ಕನೇ ದಿನ ಮಧ್ಯಾಹ್ನ ವಿಮಾನ ಹೇಳಿದ ಮಾತು ಕೇಳಿತು. ತೆವಳುತ್ತಾ ಬಂದು ಗೆರೆ ಹಿಡಿಯಿತು. ಎದುರಿಗೆ ಹಳದಿ ಗುರುತಿನ ಮೇಲೆ ಕಿತ್ತಳೆ ಅಂಗಿಯ ಗೊಂಬೆ ಕೋಲು ಬೀಸಿ ಕರೆಯುತ್ತಿತ್ತು. ಹತ್ತಿರ ಬಂದದ್ದೇ ಎರಡೂ ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿಯಿತು. ಗಾಜಿನ ನಟ್ಟನಡುವೆ, ಸ್ಪಷ್ಟವಾಗಿ.

"ಕಾಣ್ತಿದೆ ಅಪ್ಪ! ಕುರುಡನಿಗೂ ಕಾಣ್ಬೇಕು! ತಡಿ, ಅಮ್ಮನ್ನ ಕರೀತೀನಿ." ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮಗಳು ಮೆಟ್ಟಿಲು ಹತ್ತಿ ಓಡಿದಳು.

ಅವನು ಒಬ್ಬನೇ ಉಳಿದ. ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ಅಪಘಾತದ ದಿನ ಅವನು ಹಳದಿ ಗುರುತಿನ ಮೇಲೆ ನಿಂತಿರಲಿಲ್ಲ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದೆಯೆಂದು ದೀಪದ ಕಂಬದ ನೆರಳಿಗೆ ಸರಿದಿದ್ದ. ಎರಡೇ ಹೆಜ್ಜೆ. ಎಲ್ಲರೂ ಸರಿಯುತ್ತಿದ್ದರು, ಯಾರೂ ಹೇಳುತ್ತಿರಲಿಲ್ಲ. ಎರಡು ಹೆಜ್ಜೆಯಿಂದ ಏನು ಮಹಾ ಆಗುತ್ತದೆ ಎಂದುಕೊಂಡು ಅವನೂ ಹೇಳಿರಲಿಲ್ಲ, ವಿಚಾರಣೆಯಲ್ಲಿ, ಮನೆಯಲ್ಲಿ, ಎಲ್ಲೂ.

ಗೊಂಬೆಯನ್ನು ಮೌಸಿನಲ್ಲಿ ಹಿಡಿದು ಎರಡು ಹೆಜ್ಜೆ ಬಲಕ್ಕೆಳೆದ. ವಿಮಾನವನ್ನು ಹಿಂದಕ್ಕಿಟ್ಟು ಮತ್ತೆ ತಂದ. ವಿಮಾನದ ಮುಂದಿನ ಎರಡು ಗಾಜುಗಳ ನಡುವಿನ ದಪ್ಪ ಕಂಬಿ ಗೊಂಬೆಯನ್ನು ನುಂಗಿತು. ಕೈ, ಕೋಲು, ತಲೆ, ಯಾವುದೂ ಇಲ್ಲ. ಕುತ್ತಿಗೆ ಕೊಂಕಿಸಿದ, ಕುರ್ಚಿಯಲ್ಲಿ ಸರಿದು ಕೂತ. ಖಾಲಿ ನೆಲ, ಅಷ್ಟೇ. ಗೊಂಬೆ ಕಂಬಿಯ ಹಿಂದೆ ಕೈ ಎತ್ತಿಕೊಂಡೇ ನಿಂತಿದೆ ಎಂದು ಅವನೊಬ್ಬನಿಗೆ ಗೊತ್ತಿತ್ತು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಆ ಪೈಲಟ್‌ಗೆ ಸುಳ್ಳ, ಕುರುಡ ಎಂದು ಶಾಪ ಹಾಕಿದ್ದ.

ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದು.

ಅವನು ಗೊಂಬೆಯನ್ನು ಹಿಡಿದು ಹಳದಿ ಗುರುತಿಗೆ ಎಳೆದ.

ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಮಗಳು ಜಾಯ್‌ಸ್ಟಿಕ್ ಹಿಡಿದಳು. ನೂರಡಿ, ಐವತ್ತಡಿ. ಗೊಂಬೆ ಕೈ ಎತ್ತಿತು. ಹೆಂಡತಿ ಬಹಳ ಹೊತ್ತು ಅದನ್ನೇ ನೋಡಿದಳು.

"ರೀ," ಎಂದಳು. ಹನ್ನೊಂದು ವರ್ಷದ ಮೇಲೆ ಅವನನ್ನೇ ಕರೆದ ಮೊದಲ ಮಾತು. "ಇಷ್ಟು ಕಾಣ್ತಿದ್ರೂ ನಿಲ್ಲಿಸಲಿಲ್ವಲ್ಲ ಆ ಪಾಪಿ. ಸುಮ್ಮಸುಮ್ಮನೆ ನಿಮ್ಮ ಹೊಟ್ಟೆ ಉರಿಸಿದೆನಲ್ರೀ ನಾನು." ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಗಳೂ ಅತ್ತಳು. ಅವನು ಮುಖ ತಿರುಗಿಸಿಕೊಂಡ. ಸಂಕಟಕ್ಕೆ ಎಂದುಕೊಂಡರು ಇಬ್ಬರೂ.

ಸ್ವಲ್ಪ ಹೊತ್ತಿಗೆ ಅವಳು ಅಡುಗೆಮನೆಯಿಂದ ಚಹಾ ತಂದಳು. ಸ್ಟೂಲಿನ ಮೇಲೆ ಇಡಲಿಲ್ಲ. ಅವನ ಕೈ ಹಿಡಿದು, ಅಂಗೈಗೇ ಲೋಟ ಇಟ್ಟಳು.

"ಬಿಸಿ ಇದೆ, ನಿಧಾನಕ್ಕೆ ಕುಡೀರಿ."

ಬಿಸಿ ಬಹಳವೇ ಇತ್ತು. ಬೆರಳು ಸುಡುತ್ತಿದ್ದರೂ ಅವನು ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ಪರದೆಯ ಮೇಲೆ ಗೊಂಬೆ ಗುರುತಿನ ಮೇಲೇ ಎರಡೂ ಕೈ ಎತ್ತಿ ನಿಂತಿತ್ತು.