ಹಳದಿ ಬಾರದ ನೀರು

ಗಾಜಿನ ಕೊಳವೆಯನ್ನು ಬಿಸಿಲಿಗೆ ಹಿಡಿದು ಅವಳು ನೂರರವರೆಗೆ ಎಣಿಸಿದಳು. ಬಣ್ಣ ಬರಲಿಲ್ಲ. ಆ ನೀರನ್ನು ಚೆಲ್ಲಿ, ಟ್ಯಾಂಕರಿನ ನಲ್ಲಿಯಿಂದ ಹೊಸದಾಗಿ ಹಿಡಿದು, ಔಷಧಿಯ ಐದು ಹನಿ ಬಿಟ್ಟು, ಮುಚ್ಚಳ ಹಾಕಿ ಅಲುಗಿಸಿದಳು. ಈ ಸಲವೂ ನೀರು ನೀರಾಗಿಯೇ ಉಳಿಯಿತು.

"ಏನೇ ಬಣ್ಣದ ಹುಡುಗಿ, ನೀನು ನೀರನ್ನ ನೋಡ್ತಿದೀಯೋ, ನೀರೇ ನಿನ್ನ ನೋಡ್ತಿದ್ಯೋ?" ಎಂದಳು ತರಕಾರಿ ಮಾರುವ ಅಜ್ಜಿ. ಶಾಲೆಯ ಗೋಡೆಯುದ್ದಕ್ಕೂ ಇಟ್ಟ ಕೊಡಗಳ ಸಾಲಿನಲ್ಲಿ ಅಜ್ಜಿಯದೇ ಮೊದಲನೆಯದು. "ಬೇಗ ಬಿಡೇ ತಾಯಿ, ನಾಲಿಗೆ ಒಣಗಿ ಚಕ್ಕೆ ಆಗಿದೆ."

ನೆರೆ ಇಳಿದು ಎರಡು ವಾರವಾಗಿತ್ತು. ಮನೆ ಕಳೆದುಕೊಂಡವರೆಲ್ಲ ಈ ಶಾಲೆಯಲ್ಲಿದ್ದರು. ನದಿ ದಂಡೆಯ ಬಣ್ಣದ ಕಾರ್ಖಾನೆಯೂ ನೀರುಪಾಲಾಗಿತ್ತು. ಆರನೇ ತರಗತಿಗೆ ಶಾಲೆ ಬಿಟ್ಟಂದಿನಿಂದ ಅವಳು ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವಳು. ಉಗುರಿನ ಸಂದಿಯ ನೀಲಿ ಮಾತ್ರ ಅಷ್ಟು ದೊಡ್ಡ ನೆರೆಗೂ ಹೋಗಿರಲಿಲ್ಲ. ಮಾತು ಕಡಿಮೆ. ಬಾಯಿಗೆ ಬೆರಳಿಟ್ಟರೂ ಕಚ್ಚುವವಳಲ್ಲ ಎಂದು ಅವಳಕ್ಕನೇ ಹೇಳುತ್ತಿದ್ದಳು.

ನೀರಿನ ಪರೀಕ್ಷೆಯ ಪೆಟ್ಟಿಗೆ ಅವಳ ಕೈಗೆ ಬಂದದ್ದು ಕಣ್ಣಿನ ದೆಸೆಯಿಂದ. ಶಿಬಿರದ ನರ್ಸಮ್ಮ ಮೊದಲು ಪೆಟ್ಟಿಗೆಯೊಳಗಿನ ಎರಡು ಹಳದಿಯ ಕಾರ್ಡ್ ತೋರಿಸಿ ಓದಿದವರನ್ನೇ ಕೇಳಿದ್ದರು. "ಹಳದಿ ಅಂದ್ರೆ ಹಳದಿ ಮೇಡಂ, ಅದರಲ್ಲೇನು ನೋಡೋದು" ಎಂದಿದ್ದರು ಅವರು. ಹಿಂದೆ ನಿಂತಿದ್ದ ಇವಳು ಉಸಿರಿನಷ್ಟು ಮೆಲ್ಲಗೆ, "ಇದು ಒಣಹುಲ್ಲಿನ ಹಳದಿ, ಅದು ನಿಂಬೆ ಸಿಪ್ಪೆಯದು" ಎಂದಳು. ನರ್ಸಮ್ಮ ಪೆಟ್ಟಿಗೆಯನ್ನು ಅವಳ ಮಡಿಲಿಗೇ ಹಾಕಿದರು. "ಒಣಹುಲ್ಲಿನ ಬಣ್ಣ ಬಂತು ಅಂದ್ರೆ ನೀರಲ್ಲಿ ಬ್ಲೀಚಿಂಗ್ ಪೌಡರ್ ಸರಿಯಾಗಿದೆ ಅಂತ. ಬರದೆ ನಲ್ಲಿ ಬಿಡ್ಬೇಡ. ಯಾರೇ ಹೇಳಲಿ."

ಯಾರೂ ಪರೀಕ್ಷಿಸದ ಒಂದು ಟ್ಯಾಂಕರಿನ ನೀರು ಕುಡಿದು ಶಿಬಿರದಲ್ಲಿ ವಾಂತಿಭೇದಿ ಶುರುವಾದ ಮೇಲಿನ ಮಾತು ಅದು. ಏಳನೇ ತರಗತಿಯ ಕೋಣೆಯಲ್ಲೀಗ ಹನ್ನೊಂದು ಜನ ಮಲಗಿದ್ದರು. ಇಬ್ಬರನ್ನು ಮಣ್ಣು ಮಾಡಿಯಾಗಿತ್ತು. ಕಿಟಕಿ ಪಕ್ಕದ ಚಾಪೆಯ ಮೇಲೆ ಅವಳಕ್ಕನ ಮಗಳು, ನಾಲ್ಕು ವರ್ಷದ ಪುಟ್ಟಿ, ಕೈಗೆ ಸಲೈನ್ ಸೂಜಿ ಚುಚ್ಚಿಸಿಕೊಂಡು ಸೂರು ನೋಡುತ್ತಿತ್ತು.

ಯಾರೂ ತಿರುಗಿಸದಂತೆ ಅವಳು ನಲ್ಲಿಯ ಕಬ್ಬಿಣದ ಹಿಡಿಯನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪೌಡರ್ ತರಲು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಹೋದಳು. ನಿನ್ನೆ ಸಂಜೆ ತುಂಬಿದ್ದ ಚೀಲ ಈಗ ಖಾಲಿಯಾಗಿ, ನಾಲ್ಕು ಮಡಿಕೆಯಾಗಿ ಮೂಲೆಯಲ್ಲಿತ್ತು.

ಹೊರಗೆ ಬಂದು ನೋಡಿದರೆ ಪೌಡರ್ ಕಣ್ಣೆದುರೇ ಇತ್ತು. ಗೇಟಿನಿಂದ ಜಗಲಿಯವರೆಗೆ ದಾರಿಯ ಎರಡೂ ಬದಿಗೆ ಬೆಳ್ಳನೆಯ ಗೆರೆ. ಹೂಕುಂಡಗಳ ಸುತ್ತಲೂ ಒಂದೊಂದು ಬಳೆ. ಮಧ್ಯಾಹ್ನ ದೊಡ್ಡ ಸಾಹೇಬರು ಬರುವವರಿದ್ದರು. ಶಿಬಿರದ ಸೂಪರ್‌ವೈಸರ್ ದಾರ ಹಿಡಿದು, ಒಂದು ಕಣ್ಣು ಮುಚ್ಚಿ, ಗೆರೆ ಸೊಟ್ಟಗಿದೆಯೇ ಎಂದು ನೋಡುತ್ತಿದ್ದ.

"ಸಾರ್, ನೀರಿಗೆ ಪೌಡರ್ ಬಿದ್ದಿಲ್ಲ."

"ಬಿದ್ದಿರತ್ತೆ. ಟ್ಯಾಂಕರ್ ಮೇಲೆ 'ಶುದ್ಧ ನೀರು' ಅಂತ ಚೀಟಿ ಅಂಟಿಸಿದಾರಲ್ಲ. ಓದಕ್ಕೆ ಬರಲ್ವಾ?"

"ಚೀಟಿ ಕಲಸ್ಕೊಂಡು ಕುಡಿಯೋಣ್ವೇನಪ್ಪ?" ಎಂದಳು ಅಜ್ಜಿ ಸಾಲಿನಿಂದ.

ಸೂಪರ್‌ವೈಸರ್ ಅಜ್ಜಿಯ ಕಡೆ ನೋಡಲೇ ಇಲ್ಲ. "ಸಾಹೇಬರು ಬಂದಾಗ ನೀರು ಬಿಡ್ತಿರ್ಬೇಕು, ಫೋಟೋ ತೆಗೀತಾರೆ. ಹಿಡಿ ಕೊಡು." ಅವಳು ಕೊಡಲಿಲ್ಲ. ಅವನು ದನಿ ತಗ್ಗಿಸಿದ. "ಹೊಸ ಮನೆ ಪಟ್ಟಿ ನನ್ನ ಹತ್ರ ಇದೆ. ನಿಮ್ಮಕ್ಕನ ಹೆಸರು ಇನ್ನೂ ಬರೆದಿಲ್ಲ. ನೆನಪಿರಲಿ."

ಅವಳ ಕಿವಿ ಬಿಸಿಯಾಯಿತು. ಅಕ್ಕನಿಗೆ ಗಂಡನಿಲ್ಲ, ಗೋಡೆಯೂ ಇಲ್ಲ. ಆ ಪಟ್ಟಿಯೊಂದೇ ಇದ್ದದ್ದು. ತಲೆ ತಗ್ಗಿಸಿಕೊಂಡೇ ಸಾಲಿನ ಕಡೆ ನಡೆದಳು. ತನ್ನ ಕೊಡದ ಮುಂದೆ ನಿಂತಳು. ಬಾಗಿ ಅದನ್ನು ಬೋರಲು ಹಾಕಿದಳು.

ಕಾರ್ಖಾನೆಯಲ್ಲಿ ಅದೊಂದು ಪದ್ಧತಿ. ತೊಟ್ಟಿಯ ಬಣ್ಣ ಕೆಟ್ಟಿದ್ದರೆ ಬಣ್ಣದವರು ಜಗಳ ಆಡುತ್ತಿರಲಿಲ್ಲ; ಬಕೆಟ್ ಬೋರಲು ಹಾಕಿ ಪಕ್ಕಕ್ಕೆ ನಿಲ್ಲುತ್ತಿದ್ದರು. ಬೋರಲು ಬಿದ್ದ ಬಕೆಟನ್ನು ಯಜಮಾನನೂ ಮುಟ್ಟುತ್ತಿರಲಿಲ್ಲ.

"ಇದೇನೇ?" ಎಂದಳು ಅಜ್ಜಿ.

"ಈ ನೀರು ಬೇಡ ಅಜ್ಜಿ." ತನ್ನ ದನಿ ಇಷ್ಟು ದೂರ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ನೀರಿಗೆ ಹಾಕೋ ಪೌಡರ್‌ನ ದಾರಿಗೆ ಹಾಕಿದಾರೆ."

"ಹಾಗಂತ ಬಾಯಾರಿ ಸಾಯೋದಾ?" ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಸಿಡುಕಿದಳು. "ಇದು ಬೆಳಗ್ಗೆಯಿಂದ ಅಳ್ತಿದೆ."

"ಆ ಕಿಟಕಿ ನೋಡು ಅಕ್ಕ. ನಮ್ಮ ಪುಟ್ಟೀನೂ ಅಳ್ತಿದ್ಲು. ನಾನೇ ಲೋಟ ತುಂಬಿಸಿ ಕುಡಿಸ್ದೆ. ಈಗ ಅಳಕ್ಕೂ ಆಗ್ತಿಲ್ಲ ಅದಕ್ಕೆ."

ಅಜ್ಜಿ ದಾರಿಯ ಬಿಳಿ ಗೆರೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು. "ಮೇಲೆ ಥಳಕು, ಒಳಗೆ ಹುಳುಕು" ಎಂದು ತನ್ನ ತಾಮ್ರದ ಕೊಡವನ್ನು ಠಣ್ಣೆಂದು ಬೋರಲು ಹಾಕಿದಳು. ಅದರ ಪಕ್ಕದ್ದು ಬಿತ್ತು. ಅದರ ಪಕ್ಕದ್ದು. ಕೂಸಿನ ತಾಯಿ ಕಿಟಕಿಯ ಕಡೆ ನೋಡಿ, ತನ್ನ ಪ್ಲಾಸ್ಟಿಕ್ ಬಿಂದಿಗೆಯನ್ನು ಕಾಲಿನಿಂದಲೇ ಉರುಳಿಸಿದಳು.

ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ಸಾಹೇಬರು ಇಳಿದು ಗೆರೆಗಳ ನಡುವೆ ನಡೆದು ಬಂದರು. ಬೂಟಿನ ಅಂಚಿಗೆ ಬಿಳಿ ಮೆತ್ತಿತ್ತು.

"ಕೊಡಗಳೆಲ್ಲ ಯಾಕೆ ಬೋರಲು?"

"ತೊಳೆದು ಒಣಗಿಸ್ತಿದಾರೆ ಸಾರ್, ಬಹಳ ಶುಚಿ ನಮ್ಮ ಜನ" ಎಂದ ಸೂಪರ್‌ವೈಸರ್.

ಅವಳು ಮುಂದೆ ಬಂದು ಕೊಳವೆ ಎತ್ತಿ ಹಿಡಿದಳು. "ಸಾರ್, ಇದು ಹಳದಿ ಆಗ್ಬೇಕಿತ್ತು. ಆಗಿಲ್ಲ."

"ಯಾಕಾಗಿಲ್ಲ?"

"ಪೌಡರ್ ನಿಮ್ಮ ಬೂಟಿನ ಮೇಲಿದೆ ಸಾರ್."

ಸಾಹೇಬರು ಕಾಲು ನೋಡಿಕೊಂಡರು. ಏಳನೇ ತರಗತಿಯ ಬಾಗಿಲಿಗೆ ಬಂದು ನಿಂತಿದ್ದ ನರ್ಸಮ್ಮನನ್ನು ನೋಡಿದರು. ನರ್ಸಮ್ಮ ಹೌದೆಂದು ತಲೆಯಾಡಿಸಿದರು, ಅಷ್ಟೇ.

ಪಕ್ಕದ ಶಿಬಿರದಿಂದ ಚೀಲ ತರಲು ಸಾಹೇಬರ ಕಾರೇ ಹೋಗಬೇಕಾಯಿತು. ಹಾಗಾಗಿ ಅವರೂ ಹೊರಡುವಂತಿರಲಿಲ್ಲ. ಪೌಡರನ್ನು ಬಕೆಟಿನಲ್ಲಿ ಕದಡಿ, ತಿಳಿಯನ್ನು ಟ್ಯಾಂಕರಿಗೆ ಸುರಿದಾದ ಮೇಲೆ, ಸಾಹೇಬರ ಜೊತೆ ಬಂದಿದ್ದ ಫೋಟೋದವನು, "ಒಂದು ಕೊಡ ಸುಮ್ಮನೆ ಹಿಡೀಲಿ, ಒಂದೇ ನಿಮಿಷ" ಎಂದ.

"ಅರ್ಧ ಗಂಟೆ. ಪೌಡರ್ ನೀರಿಗೆ ಹಿಡೀಬೇಕು" ಎಂದಳು ಅವಳು.

"ಕೂತ್ಕೊಳಪ್ಪ" ಎಂದು ಅಜ್ಜಿ ಸಾಹೇಬರಿಗೆ ತನ್ನ ಬೋರಲು ಕೊಡದ ಪಕ್ಕದ ಕಟ್ಟೆ ತೋರಿಸಿದಳು. "ನಾವು ಬೆಳಗ್ಗೆಯಿಂದ ಕೂತಿದೀವಿ."

ಅವರು ಕೂತರು. ಸೂಪರ್‌ವೈಸರ್ ಪಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು ದೂರ ನಿಂತು ಅವಳನ್ನೇ ನೋಡುತ್ತಿದ್ದ. ಅವಳೂ ಈ ಸಲ ಕಣ್ಣು ತಗ್ಗಿಸಲಿಲ್ಲ.

ಅರ್ಧ ಗಂಟೆ ಆದ ಮೇಲೆ ಹೊಸದಾಗಿ ಹಿಡಿದ ನೀರಿಗೆ ಹನಿ ಬಿಟ್ಟು ಅಲುಗಿಸಿದಾಗ ಕೊಳವೆಯಲ್ಲಿ ಒಣಹುಲ್ಲಿನ ಬಣ್ಣ ಮೂಡಿತು. ಅವಳು ತನ್ನ ಕೊಡವನ್ನು ನೆಟ್ಟಗೆ ನಿಲ್ಲಿಸಿದಳು. ಮೊದಲ ಕೊಡ ಏಳನೇ ತರಗತಿಯ ಕೋಣೆಗೆ ಹೋಯಿತು. ಆಮೇಲೆ ಹೆಂಗಸರು ಒಬ್ಬರ ಹಿಂದೊಬ್ಬರು ತುಂಬಿದ ಕೊಡ ಹೊತ್ತು ದಾರಿ ದಾಟಿದರು. ತುಳುಕಿದ ನೀರಿಗೆ ಬಿಳಿ ಗೆರೆ ಅಲ್ಲಲ್ಲಿ ಕಲಸಿಹೋಗಿ, ಅದರ ಮೇಲೆ ಬರಿಗಾಲಿನ ಗುರುತು ಒಂದರ ಮೇಲೊಂದು ಬೀಳತೊಡಗಿತು. ನಲ್ಲಿಯ ಹಿಡಿ ಅವಳ ಕೈಯಲ್ಲೇ ಇತ್ತು.