ಹುಳುಮನೆ ಮುಂದೆ ನೀಲಿ ಹೊಗೆ

ರೇಷ್ಮೆ ಹುಳುಮನೆ ಹತ್ತಿರ ಬೀಡಿ ಹಚ್ಚಿದವನಿಗೆ ಶಿಡ್ಲಘಟ್ಟದ ಕಡೆ ಎಂಥ ಮಂಗಳಾರತಿ ಆಗುತ್ತದೆಂದು ನಿಮಗೇ ಗೊತ್ತು. ಅಂಥದ್ದರಲ್ಲಿ ಶೋಭಾರಾಣಿಯ ಹುಳುಮನೆ ಬಾಗಿಲಲ್ಲೇ ಗಂಡ ಮುರಳಿಮೋಹನನ ಡೀಸೆಲ್ ಕಾರು ಬುಸುಬುಸು ಹೊಗೆ ಬಿಡುತ್ತಿತ್ತು. ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕಾದ ಹುಳುಗಳು ಅವತ್ತು ಹಿಪ್ಪುನೇರಳೆ ಸೊಪ್ಪು ಮುಟ್ಟಲಿಲ್ಲ. ಶೋಭಾರಾಣಿ ಸೊಪ್ಪಿನ ಬುಟ್ಟಿ ಹಿಡಿದೇ ಹೊರಗೆ ಬಂದಳು.

"ರೀ, ಈ ಬೆಳೆ ಹೋದ್ರೆ ನಿಮ್ಮ ಕಾರಿಗೇ ಸೊಪ್ಪು ಹಾಕ್ತೀನಿ ನೋಡಿ!"

"ಹಳೇ ಗಾಡಿ ಕಣೇ, ಹೊಗೆ ಇದ್ದೇ ಇರುತ್ತೆ. ಹುಳಕ್ಕೆ ಆಗಲ್ಲ ಅಂತ್ಲೇ ಬಂದ ತಕ್ಷಣ ಟಪ್ ಅಂತ ಆಫ್ ಮಾಡ್ತೀನಲ್ಲ!"

ಅವತ್ತು ಭಾನುವಾರ. ಮಧ್ಯಾಹ್ನ ಮುರಳಿಯ ಅಕ್ಕನ ಮಗಳು ಯಾಮಿನಿ ಬಂದಳು. ಚಿಕ್ಕಬಳ್ಳಾಪುರದ ಕಾರ್ ಸರ್ವೀಸಿನಲ್ಲಿ ಅವಳಿಗೆ ಕೆಲಸ. ಮಾವ ಕಾರು ತಂದು ನಿಲ್ಲಿಸಿದ್ದನ್ನೇ ನೋಡುತ್ತಿದ್ದಳು.

"ಮಾವ, ಹೊಗೆ ಬಣ್ಣ ನೋಡಿದೀರಾ?"

"ಬಣ್ಣ ನೋಡಕ್ಕೆ ಅದೇನು ಸೀರೇನಮ್ಮ?"

"ಕಪ್ಪಗಿದ್ರೆ ಡೀಸೆಲ್ ಸರಿಯಾಗಿ ಉರೀತಿಲ್ಲ, ಏರ್ ಫಿಲ್ಟರ್ ನೋಡ್ಬೇಕು. ಬೆಳ್ಳಗೆ ಬರ್ತಾನೇ ಇದ್ದು, ಇಂಜಿನ್ ತಣ್ಣಗಿಡೋ ಕೂಲೆಂಟೂ ಕಮ್ಮಿ ಆಗ್ತಿದ್ರೆ, ಅದು ಇಂಜಿನ್ ಒಳಕ್ಕೆ ಹೋಗ್ತಿರಬಹುದು. ನಿಮ್ಮದು ನೀಲಿ. ಇಂಜಿನ್ ಆಯಿಲ್ ಸುಡ್ತಿದೆ."

"ಸುಮ್ನಿರಮ್ಮ, ಕೆಳಗೆ ಒಂದು ತೊಟ್ಟೂ ಸೋರಿಲ್ಲ!"

ಯಾಮಿನಿ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ತೋರಿಸಿದಳು. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಇಂಜಿನ್ ತಣ್ಣಗಾದ ಮೇಲೆ ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊದ ಪೈಪ್ ಬಿಚ್ಚಿ, ಮಾವನ ಬಿಳಿ ಟವೆಲನ್ನೇ ಒಳಗೆ ಆಡಿಸಿದಳು. ಅಯ್ಯೋ, ಟವೆಲ್ ಆಯಿಲಿನಲ್ಲಿ ತೊಯ್ದು ತೊಪ್ಪೆಯಾಯಿತು!

"ಒಂಚೂರು ಪಸೆ ಇದ್ರೆ ಪರವಾಗಿಲ್ಲ. ಇಷ್ಟಿದ್ರೆ ಟರ್ಬೊ ಮೇಲೇ ಅನುಮಾನ. ಜೋರಾಗಿ ಬಂದು ತಕ್ಷಣ ಆಫ್ ಮಾಡಿದ್ರೆ, ಕಾದಿರೋ ಟರ್ಬೊಗೆ ಆಯಿಲ್ ಹರಿಯೋದು ನಿಂತೋಗುತ್ತೆ. ಒಳಗಿರೋ ಆಯಿಲ್ ಸೀದು ಕರಕಲಾಗಿ, ಆಯಿಲ್ ತಡೆಯೋ ಸೀಲ್ ಹಾಳಾಗುತ್ತೆ. ಆಮೇಲೆ ಆಯಿಲ್ ಗಾಳಿ ಜೊತೆ ಇಂಜಿನ್ ಒಳಕ್ಕೆ ಹೋಗಿ ಸುಡುತ್ತೆ."

ಮುರಳಿಯ ಮುಖ ಪೆಚ್ಚಾಯಿತು. ಹೊಗೆ ತಪ್ಪಿಸಲೆಂದು ಮಾಡುತ್ತಿದ್ದ ಉಪಾಯವೇ ಹೊಗೆ ತಂದಿತ್ತು. ಶೋಭಾರಾಣಿಗೆ ನಗು ತಡೆಯಲಾಗಲಿಲ್ಲ, ಪಾಪ ಅಂತಲೂ ಅನಿಸಿತು.

"ಹಿಂಗೇ ಓಡಿಸಿದ್ರೆ ಏನಾಗುತ್ತಮ್ಮ?"

"ಆಯಿಲ್ ಖಾಲಿಯಾಗಿ ಇಂಜಿನ್ನೇ ಹಿಡ್ಕೊಂಡು ನಿಂತೋಗುತ್ತೆ ಮಾವ. ವಾಲ್ವ್, ಪಿಸ್ಟನ್ ರಿಂಗ್ ಸವೆದ್ರೂ ನೀಲಿ ಹೊಗೆ ಬರುತ್ತೆ. ಎಲ್ಲಾನೂ ನೋಡಿಸ್ಬೇಕು."

ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಟರ್ಬೊದ್ದೇ ತಪ್ಪು ಎಂದು ಗೊತ್ತಾಗಿ ರಿಪೇರಿಯೂ ಆಯಿತು. ಇತ್ತ ಶೋಭಾರಾಣಿ ಆ ಭಾನುವಾರವೇ ಕಿಟಕಿಗಳನ್ನೆಲ್ಲ ತೆಗೆದು ಹೊಸ ಸೊಪ್ಪು ಹಾಕಿದಳು. ಸಂಜೆಗೆ ಹುಳುಗಳು ಸರಸರ ಮೇಯತೊಡಗಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು.

ಈಗ ಮುರಳಿ ದೂರದ ಹುಣಸೆಮರದಡಿಯೇ ಕಾರು ನಿಲ್ಲಿಸುತ್ತಾನೆ. ಒಂದೆರಡು ನಿಮಿಷ ಇಂಜಿನ್ ನಿಧಾನಕ್ಕೆ ಓಡಲು ಬಿಟ್ಟು ಆಮೇಲೆ ಆಫ್ ಮಾಡುತ್ತಾನೆ. ಕಾಫಿ ಬೇಕಾದರೆ ಅಲ್ಲಿಂದ ನಡೆದೇ ಬರಬೇಕು.

ನಿಮ್ಮ ಮನೆಯಲ್ಲೂ ಟರ್ಬೊ ಗಾಡಿ ಇದೆಯಾ? ವಾರಕ್ಕೊಮ್ಮೆ ಆಯಿಲ್ ಕಡ್ಡಿ ಎಳೆದು ನೋಡಿ. ನಾಳೆ ಸ್ಟಾರ್ಟ್ ಮಾಡುವಾಗ ಮನೆಯವರಿಗೆ ಹೊಗೆಯ ಬಣ್ಣ ನೋಡಲು ಹೇಳಿ. ಹುಳು ಸೊಪ್ಪು ಬಿಟ್ಟರೆ ಎದ್ದುಬಿದ್ದು ಓಡುವವರು ನಾವು. ಕಾರು ನೀಲಿ ಹೊಗೆ ಬಿಟ್ಟಾಗಲೂ ಗ್ಯಾರೇಜಿನವರಿಗೆ ಅಷ್ಟೇ ಬೇಗ ತೋರಿಸೋಣ.