ಮಕ್ಕಳಿಲ್ಲದವರ ಪಟ್ಟಿ

ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತೇ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದ ಹೆಂಗಸಿಗೆ ಭಾನುವಾರ ಮಧ್ಯಾಹ್ನ ಬೇಕಾದದ್ದು ಒಂದೇ: ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಯಾರ ಜೊತೆಗೂ ಮಾತಾಡದೆ ಕೂರುವುದು. ಆದರೆ ಮನೆಯಲ್ಲಿ ತಕರಾರು ಇದ್ದಳಲ್ಲ! ಹನ್ನೆರಡು ವರ್ಷದ ಮಗಳಿಗೆ ಅಮ್ಮನೇ ಇಟ್ಟ ಅಡ್ಡಹೆಸರು ಅದು. ಅಂಗಡಿಯವನು ತೂಗುವಾಗ ಬಗ್ಗಿ ತಕ್ಕಡಿಯ ಮುಳ್ಳು ನೋಡುವ ಹುಡುಗಿ, ಸುಮ್ಮನೆ ಬಿಟ್ಟಾಳೆಯೇ?

"ಅಮ್ಮಾ, ನಿನ್ನ ಸಂಬಳದ ಚೀಟಿ ಕೊಡು. ಹೋಮ್‌ವರ್ಕಿಗೆ ಬೇಕು."

"ಬ್ಯಾಗಲ್ಲಿದೆ, ತಗೋ," ಎಂದುಬಿಟ್ಟಳು ಅಮ್ಮ.

ಬೇರೆ ದಿನವಾಗಿದ್ದರೆ ಸತ್ತರೂ ಹಾಗೆನ್ನುತ್ತಿರಲಿಲ್ಲ. ಹನ್ನೊಂದು ವರ್ಷ ಆ ಚೀಟಿ ಹುಡುಗಿಯ ಕಣ್ಣಿಗೆ ಬೀಳದಂತೆ ನೋಡಿಕೊಂಡವಳು ಅವಳು. ಆದರೆ ಸುಸ್ತು ಅನ್ನುವುದಿದೆಯಲ್ಲ, ಅದು ಎಂಥವರ ಎಚ್ಚರವನ್ನೂ ತಿಂದುಹಾಕುತ್ತದೆ.

ಗಣಿತದ ಟೀಚರ್ ಎರಡು ಪಟ್ಟಿ ಕೊಟ್ಟಿದ್ದರು. ಒಂದು ಮಕ್ಕಳಿರುವ ನೌಕರರದ್ದು, ಇನ್ನೊಂದು ಮಕ್ಕಳಿಲ್ಲದ ಒಂಟಿ ನೌಕರರದ್ದು. ಮನೆಯಲ್ಲಿ ದುಡಿಯುವವರ ಸಂಬಳದಲ್ಲಿ ಎಷ್ಟು ವರಮಾನ ತೆರಿಗೆ ಹಿಡಿದುಕೊಳ್ಳಬಹುದು ಎಂದು ಅಂದಾಜು ಮಾಡಿ, ಚೀಟಿಯ ಜೊತೆ ತಾಳೆ ನೋಡಬೇಕಿತ್ತು. ಹುಡುಗಿ ಮೊದಲ ಪಟ್ಟಿ ಹಿಡಿದು ಜೋರಾಗಿಯೇ ಲೆಕ್ಕ ಶುರುಮಾಡಿದಳು.

"ಸಂಬಳ ಇಪ್ಪತ್ತೆಂಟು ಸಾವಿರ. ಮಕ್ಕಳಿರೋರಿಗೆ ಇಪ್ಪತ್ತೆರಡು ಸಾವಿರದ ತನಕ ತೆರಿಗೆ ಇಲ್ಲ. ಉಳಿದದ್ದು ಆರು. ನೂರಕ್ಕೆ ಹದಿನಾಲ್ಕು ಅಂದ್ರೆ ಎಂಟುನೂರಾ ನಲವತ್ತು." ಚೀಟಿ ನೋಡಿದವಳೇ ಎದ್ದು ನಿಂತಳು. "ಅಮ್ಮಾ, ಹಾಡಹಗಲೇ ದರೋಡೆ! ಸಾವಿರದ ಒಂಬೈನೂರಾ ಅರವತ್ತು ಹಿಡಿದಿದ್ದಾರೆ!"

"ಹೋಗ್ಲಿ ಬಿಡೇ."

"ಬಿಡೋದಾ? ತಿಂಗಳಿಗೆ ಸಾವಿರದ ನೂರಾ ಇಪ್ಪತ್ತು! ಶೂ ಕೇಳಿದ್ರೆ ಮುಂದಿನ ತಿಂಗಳು ಅಂತೀಯಲ್ಲ, ಆ ದುಡ್ಡು ಎಲ್ಲಿಗೆ ಹೋಗತ್ತೆ ಅಂತ ಈಗ ಗೊತ್ತಾಯ್ತು. ನಾಳೆ ಶಾಲೆ ಬಿಟ್ಟ ತಕ್ಷಣ ನಿನ್ನ ಆಫೀಸಿಗೆ ಬರ್ತೀನಿ. ಆ ಸಂಬಳದ ಗುಮಾಸ್ತನಿಗೆ ಚಳಿ ಬಿಡಿಸ್ತೀನಿ."

ಬರುತ್ತೇನೆ ಎಂದರೆ ಬಂದೇ ಬರುವವಳು. ಗುಮಾಸ್ತ ಪಾಪ, ಕೆಟ್ಟವನಲ್ಲ. ಫೈಲು ತೆಗೆದು, ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳುತ್ತಾನೆ: ಒಂಟಿ, ಮಕ್ಕಳಿಲ್ಲ. ಕೌಂಟರಿನ ಮುಂದೆ ಸಾಲಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅವನ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದುಕೊಂಡಳು ಅಮ್ಮ. ಆದರೆ ಬಾಯಿ ಬರಬೇಕಲ್ಲ?

"ಇನ್ನೊಂದು ಪಟ್ಟಿ ಹಿಡಿದು ಮಾಡು," ಎಂದಳು.

"ಅದು ಮಕ್ಕಳಿಲ್ಲದೋರ ಪಟ್ಟಿ."

"ಮಾಡು ಅಂದೆ."

ಒಂಟಿಯವರಿಗೆ ಹದಿನಾಲ್ಕು ಸಾವಿರದ ತನಕ ಮಾತ್ರ ವಿನಾಯಿತಿ. ಉಳಿದ ಹದಿನಾಲ್ಕಕ್ಕೆ ಸಾವಿರದ ಒಂಬೈನೂರಾ ಅರವತ್ತು. ಒಂದು ಅಂಕಿಯೂ ಆಚೀಚೆ ಇಲ್ಲ. ಲೆಕ್ಕ ಸರಿಬಂದರೆ ಕುಣಿಯುವ ಹುಡುಗಿ ಪೆನ್ನು ಕೆಳಗಿಟ್ಟಳು.

"ಹಾಗಾದ್ರೆ ನಾನು?"

"ನಿನ್ನ ಹೆತ್ತೋಳು ನನ್ನ ಅಕ್ಕ ಕಣೇ. ನಿನಗಾಗ ಎಂಟು ತಿಂಗಳು. ನಿನ್ನ ನನ್ನ ಹತ್ರ ಬಿಟ್ಟು ಅಕ್ಕ, ಭಾವ ಇಬ್ಬರೂ ಒಂದೇ ಬಸ್ಸಲ್ಲಿ ಹೋದ್ರು. ಆ ಬಸ್ಸು ಉರುಳಿಬಿತ್ತು. ಅಪ್ಪ ಸತ್ತ ಅಂತ ಹೇಳಿದ್ದೆನಲ್ಲ, ಅಷ್ಟು ನಿಜ. ಇನ್ನರ್ಧ ನುಂಗಿಕೊಂಡೆ. ಶಾಲೇಲೂ ಹೆಡ್‌ಮಿಸ್ಸಿಗೆ ಕೈಮುಗಿದು, ಯಾರೂ ಬಾಯಿಬಿಡದ ಹಾಗೆ ಮಾಡಿದ್ದೆ."

"ಅಂದ್ರೆ ನೀನು ನನ್ನ ಚಿಕ್ಕಮ್ಮ."

ಹನ್ನೊಂದು ವರ್ಷ ಅಮ್ಮ ಹೆದರಿದ್ದು ಈ ಒಂದು ಮಾತಿಗೇ.

"ದತ್ತು ಪತ್ರ ಮಾಡಿಸಿದ್ರೆ ದುಡ್ಡಾದ್ರೂ ಉಳೀತಿತ್ತಲ್ಲ!" ಹುಡುಗಿ ಚೀಟಿಯನ್ನು ಅಮ್ಮನ ಮುಂದೆ ಹಿಡಿದಳು. ಇಂಥ ಹೊತ್ತಿನಲ್ಲೂ ತಕರಾರೇ.

"ಮಾಡಿಸೋಕೆ ಹೋಗಿದ್ದೆ. ಕೋರ್ಟಲ್ಲಿ ಎಲ್ಲರೆದುರು 'ನಾನು ಇವಳ ತಾಯಿ ಅಲ್ಲ' ಅಂತ ಮೊದಲು ಹೇಳಬೇಕಂತೆ. ಬಾಗಿಲ ತನಕ ಹೋದೆ. ನೀನು ಸೊಂಟದ ಮೇಲೆ ಕೂತು 'ಅಮ್ಮ' ಅಂದೆ. ಹಾಗೇ ವಾಪಸ್ ಬಂದೆ. ತೆರಿಗೆ ತಾನೇ, ಕಟ್ಟಿದ್ರಾಯ್ತು ಅಂದ್ಕೊಂಡೆ."

ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಎದ್ದು ಹೋಗಿ ತಬ್ಬಿಕೊಳ್ಳಬೇಕು ಎಂದು ಅಮ್ಮನಿಗೆ ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಇನ್ನು ಮುಟ್ಟಿಸಿಕೊಳ್ಳುತ್ತಾಳೋ ಇಲ್ಲವೋ ಎಂಬ ಭಯ. ಹಾಗೆ ಅಳುತ್ತ ಕೂತವಳಿಗೆ ಯಾವಾಗಲೋ ಜೋಂಪು ಹತ್ತಿತು. ಇಂಥ ಹೊತ್ತಿನಲ್ಲೂ ನಿದ್ದೆ ಬರುತ್ತದೆಯೇ ಎನ್ನುವವರು ಇಸ್ತ್ರಿ ಯಂತ್ರದ ಮುಂದೆ ಆರು ದಿನ ನಿಂತು ನೋಡಲಿ.

ಎಚ್ಚರವಾದಾಗ ಹುಡುಗಿ ಪಕ್ಕದಲ್ಲೇ ನೆಲದ ಮೇಲೆ ಕೂತು ಬರೆಯುತ್ತಿದ್ದಳು. ಮುಖ ಊದಿಕೊಂಡಿತ್ತು. ಅಮ್ಮ ಬಗ್ಗಿ ನೋಡಿದಳು. 'ಹಿಡಿದ ತೆರಿಗೆ' ಎಂಬಲ್ಲಿ ಸಾವಿರದ ಒಂಬೈನೂರಾ ಅರವತ್ತು. 'ನೌಕರರು ನಿಮಗೆ ಏನಾಗಬೇಕು' ಎಂಬಲ್ಲಿ, ಒತ್ತಿ ಒತ್ತಿ, ತಾಯಿ.

"ತಾಯಿ ಅಂತ ಬರೆದ್ರೆ ಅಷ್ಟು ತೆರಿಗೆ ಬರಲ್ಲ ಕಣೇ," ಎಂದಳು ಅಮ್ಮ ಮೆಲ್ಲಗೆ. "ಟೀಚರ್ ತಪ್ಪು ಹಾಕ್ತಾರೆ."

"ಹಾಕ್ಲಿ ಬಿಡಮ್ಮ," ಎಂದು ಹುಡುಗಿ ಪುಸ್ತಕ ಮುಚ್ಚಿದಳು.